ತಾನಾಗಿಯೇ ಬಂದು ಕೂತ ಫೋಟೋ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರಿಗಿರುವ ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಫೋನಿನಿಂದ ಕಂಪ್ಯೂಟರಿಗೆ ವೈರಿಲ್ಲದೆ ಫೋಟೋ ಇಳಿಯುವಂತೆ ಮಾಡಿದ್ದು ನಮ್ಮನೆಯವರು. ಅದಕ್ಕೆ ಮುಂಚೆ ನಾನು ಕೇಬಲ್ಲಿನ ಜೊತೆ ಗುದ್ದಾಡುತ್ತಿದ್ದೆ. ಜಾತಿ ಪ್ರಮಾಣಪತ್ರ, ಪಿಂಚಣಿ, ಹಾಸ್ಟೆಲ್ ಸೀಟು ಎಂದು ಅರ್ಜಿ ಹಾಕಲು ಬಂದವರು ತಮ್ಮ ಫೋಟೋವನ್ನು ನನ್ನ ವಾಟ್ಸಾಪಿಗೆ ಕಳಿಸುತ್ತಿದ್ದರು. ಅದನ್ನು ಇಳಿಸಬೇಕಾದರೆ ನನ್ನ ಫೋನಿನ ಸಡಿಲವಾದ ತೂತಿಗೆ ಕೇಬಲ್ ಸಿಕ್ಕಿಸಿ, ಹೆಬ್ಬೆರಳಿನಿಂದ ಒಂದು ಪಕ್ಕಕ್ಕೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಕೂರಬೇಕಿತ್ತು. ಕೈ ಒಂದಿಷ್ಟು ಅಲುಗಿದರೆ ಮತ್ತೆ ಮೊದಲಿಂದ. ಒಂದು ಭಾನುವಾರ ನಮ್ಮನೆಯವರು ಯಾವುದೋ ವಿಡಿಯೋ ನೋಡಿಕೊಂಡು ಫೋನಿಗೊಂದು, ಕಂಪ್ಯೂಟರಿಗೊಂದು ಆ್ಯಪ್ ಹಾಕಿದರು. ಪರದೆಯ ಮೇಲೆ ಬಂದ ಚೌಕವನ್ನು ಫೋನಿನಿಂದ ಸ್ಕ್ಯಾನ್ ಮಾಡಿದರು. ಅಂದಿನಿಂದ ನನ್ನ ಫೋನು ಅಂಗಡಿಯ ವೈಫೈಗೆ ಸೇರಿದ್ದೇ ತಡ, ಅದರಲ್ಲಿದ್ದ ಫೋಟೋಗಳೆಲ್ಲ ಕಂಪ್ಯೂಟರಿಗೆ ಇಳಿಯತೊಡಗಿದವು.

"ಇನ್ಮೇಲೆ ನೀನೇನೂ ಮಾಡ್ಬೇಕಾಗಿಲ್ಲ. ಅದ್ರ ಪಾಡ್ಗೆ ಅದೇ ಮಾಡ್ಕತದೆ" ಎಂದರು.

ನನಗೆ ಭಯವಾದದ್ದು ಆ ಮಾತಿಗೇ. ನಾನು ಮನೆಗೆ ಬೀಗ ಹಾಕಿ ಬೀದಿ ಕೊನೆಯವರೆಗೂ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸ್ಸು ಬರುವ ಹೆಂಗಸು. ಹಾಲನ್ನು ಒಲೆ ಮೇಲಿಟ್ಟು ಅದರ ಪಾಡಿಗೆ ಅದು ಕಾಯುತ್ತದೆ ಎಂದು ಹೋದವರ ಮನೆಯಲ್ಲಿ ಏನಾಗುತ್ತದೆಂದು ನನಗೆ ಗೊತ್ತು. ನಮ್ಮನೆಯವರಿಗೆ ಹೇಳಿದರೆ ನಗುತ್ತಾರೆ. ಅವರಿಗೆ ಆ ಕೆಲಸ ಎಷ್ಟು ರುಚಿಸಿತೆಂದರೆ, ಸ್ವಲ್ಪ ಹೊತ್ತು ಯಾರೂ ಕಂಪ್ಯೂಟರ್ ಮುಟ್ಟದಿದ್ದರೆ ಆ ಫೋಟೋಗಳೇ ಪರದೆಯ ತುಂಬ ಒಂದಾದ ಮೇಲೊಂದು ಓಡುವ ಹಾಗೂ ಮಾಡಿಬಿಟ್ಟರು.

ನಮ್ಮ ಅಂಗಡಿಯಲ್ಲಿ ಎರಡು ಪರದೆಗಳಿವೆ. ಒಂದು ನನ್ನ ಕಡೆಗೆ, ಇನ್ನೊಂದು ಗಿರಾಕಿಗಳ ಕಡೆಗೆ. ಅರ್ಜಿಯಲ್ಲಿ ಹೆಸರು, ಇನಿಷಿಯಲ್ಲು ಸರಿಯಾಗಿದೆಯೇ ಎಂದು ಅವರೇ ನೋಡಿ ಹೇಳಲಿ ಎಂದು ಹಾಗೆ ಇಟ್ಟಿರುವುದು. ಆಮೇಲೆ ತಪ್ಪಾಯಿತು ಎಂದು ನನ್ನ ಮೇಲೆ ಎಗರಾಡುವುದು ಬೇಡವಲ್ಲ. ಹಾಗಾಗಿ ನನ್ನ ಫೋನಿನಲ್ಲಿದ್ದದ್ದೆಲ್ಲ ಬೆಂಚಿನ ಮೇಲೆ ಕೂತವರಿಗೂ ಕಾಣುತ್ತಿತ್ತು. ಗೋಪಾಲಸ್ವಾಮಿ ಬೆಟ್ಟದ ಮಂಜು, ನಮ್ಮನೆಯವರು ಹೆಲ್ಮೆಟ್ ಹಾಕಿಕೊಂಡು ನಿಂತದ್ದು, ಯಾರದೋ ಅಜ್ಜಿಯ ಪಾಸ್‌ಪೋರ್ಟ್ ಸೈಜಿನ ಮುಖ. ಜನ ಕೆಲಸ ಮುಗಿದ ಮೇಲೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಅದೇ ಫೋನಿನಲ್ಲಿ ಹೆಣ್ಣುಮಕ್ಕಳ ಫೋಟೋಗಳೂ ಇದ್ದವು. ನನ್ನ ತಮ್ಮ ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡು. ಕಾಡಿನೊಳಗೆ ನೆಟ್‌ವರ್ಕ್ ಸಿಗುವುದಿಲ್ಲವಾದ್ದರಿಂದ ಅವನಿಗೆ ನೋಡುವ ಹೆಣ್ಣಿನ ಫೋಟೋ, ಜಾತಕ ಎಲ್ಲ ನನ್ನ ಫೋನಿಗೇ ಬರಬೇಕು. ಅವನು ರಜಕ್ಕೆ ಇಳಿದು ಬಂದಾಗ ಊಟಕ್ಕೆ ಕೂರಿಸಿ ತೋರಿಸುತ್ತೇನೆ. ಅವನು ಅನ್ನ ಕಲಸಿಕೊಂಡೇ "ನೀನ್ ನೋಡಕ್ಕ" ಎನ್ನುತ್ತಾನೆ. ಹುಲಿ ಹೆಜ್ಜೆಗೆ ಬಗ್ಗಿ ನೋಡುವಷ್ಟೂ ಬಗ್ಗಿ ನೋಡುವುದಿಲ್ಲ.

ಹೆಣ್ಣಿನ ಫೋಟೋ ಎಂದರೆ ನಮ್ಮ ಕಡೆ ಹುಡುಗಾಟವಲ್ಲ. ನನ್ನ ಕಾಲಕ್ಕೆ ಚಾಮರಾಜನಗರದ ಸ್ಟುಡಿಯೋದಲ್ಲಿ ತೆಗೆಸಿದ ಒಂದೇ ಒಂದು ಫೋಟೋ ಇತ್ತು. ಮೂಲೆಗಳಿಗೆ ಅರಿಸಿನ ಹಚ್ಚಿ, ಕವರಿನಲ್ಲಿಟ್ಟು ಅಪ್ಪ ತೆಗೆದುಕೊಂಡು ಹೋಗುತ್ತಿದ್ದರು. ಸಂಬಂಧ ಕೂಡಲಿಲ್ಲವೆಂದರೆ ಗಂಡಿನ ಮನೆಯ ಹಿರಿಯರು ತಾವೇ ಬಂದು ಫೋಟೋ ಕೈಗೆ ಕೊಟ್ಟು, ಮಜ್ಜಿಗೆ ಕುಡಿದು ಹೋಗಬೇಕು. ಪೋಸ್ಟಿನಲ್ಲಿ ಕಳಿಸುವಂತಿಲ್ಲ, ಮಕ್ಕಳ ಕೈಯಲ್ಲಿ ಕೊಡುವಂತಿಲ್ಲ. ಫೋಟೋ ವಾಪಸ್ಸು ಬರುವವರೆಗೂ ಅಪ್ಪ ಇನ್ನೊಂದು ಮನೆಗೆ ಕಾಲಿಡುತ್ತಿರಲಿಲ್ಲ. ಒಲ್ಲದ ಮನೆಯಲ್ಲಿ ಹೆಣ್ಣಿನ ಮುಖ ಉಳಿಯಬಾರದು ಎನ್ನುವುದು ಅವರ ಮಾತು.

ಈಗ ಕೊಡುವುದಕ್ಕೆ ಕೈಯಲ್ಲಿ ಏನೂ ಇರುವುದಿಲ್ಲ. ಆದರೆ ಪದ್ಧತಿ ಹೋಗಿಲ್ಲ, ರೂಪ ಬದಲಾಗಿದೆ. ಹೆಣ್ಣಿನ ಕಡೆಯವರು ಬಂದು ಎದುರಿಗೆ ಕೂತು ಫೋಟೋವನ್ನು ಫೋನಿನಿಂದ ಅಳಿಸಿಹಾಕಿಸಿಕೊಂಡು ಹೋಗುತ್ತಾರೆ.

ಹಾಗೆ ಬಂದವರು ಆ ಯಜಮಾನರು. ಚಾಮರಾಜನಗರದ ಪಕ್ಕದ ಹಳ್ಳಿಯವರು. ಅವರ ಮಗಳನ್ನು ನನ್ನ ತಮ್ಮನಿಗೆ ಕೇಳಿದ್ದೆವು. ಜಾತಕ ಕೂಡಿತ್ತು, ನಮಗೆಲ್ಲ ಹುಡುಗಿ ಒಪ್ಪಿಗೆಯಾಗಿತ್ತು. ಅವರೇ "ಕಾಡ್ನಲ್ ಕೆಲ್ಸ, ಆನೆ ಕಾಟ" ಎಂದು ಬೇಡವೆಂದರು. ನನಗೆ ಒಳಗೊಳಗೆ ಉರಿದಿತ್ತು. ಆನೆ ಇವರ ಮಗಳನ್ನೇ ಹುಡುಕಿಕೊಂಡು ಬರುತ್ತಿತ್ತೇನೋ! ಅದಾಗಿ ಕೆಲವು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ನಮ್ಮನೆಯವರು ಮಿಷನ್ನಿಗೆ ಟೋನರ್ ಪುಡಿ ತರಲು ಮೈಸೂರಿಗೆ ಹೋಗಿದ್ದಾಗ, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಅಂಗಡಿಗೆ ಬಂದರು. ಬೆಂಚಿನ ಮೇಲೆ ಕೂತು, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಮಾತು ತೆಗೆದರು.

"ಮಗೀಗ ಮದ್ವ ಗೊತ್ತಾಯ್ತು ಕನವ್ವ. ಬೇಗೂರ್ ಕಡ ಗಂಡು. ಒಳ್ಳೇ ಜನ, ಆದ್ರ ಬಲು ಬಿಗಿ. ನಿಮ್ ಪೋನ್ಲಿರಾ ಪೋಟನ ನನ್ ಎದ್ರುಗೇ ತಗುದ್ಬುಡಿ. ತಪ್ಪ್ ತಿಳ್ಕಬ್ಯಾಡಿ."

ಅವರ ನೆಂಟರ ಪೈಕಿ ಒಂದು ಮದುವೆ ಮುರಿದಿತ್ತಂತೆ. ಗೊತ್ತಾಗಿದ್ದ ಹುಡುಗಿಯ ಫೋಟೋ ಇನ್ಯಾರದೋ ಫೋನಿನಲ್ಲಿ ಕಂಡಿತು, ಅಷ್ಟೇ. ಹುಡುಗಿಯದೇನೂ ತಪ್ಪಿರಲಿಲ್ಲ, ಹಿಂದೆ ಸಂಬಂಧಕ್ಕೆ ಕಳಿಸಿದ ಫೋಟೋನೇ ಅದು. ಯಾರು ಕೇಳುತ್ತಾರೆ? ಆ ಹುಡುಗಿ ಇನ್ನೂ ಮನೆಯಲ್ಲೇ ಇದ್ದಾಳೆ ಎಂದು ಹೇಳುವಾಗ ಅವರ ದನಿ ಇಳಿದಿತ್ತು. ನನ್ನ ಹಳೆಯ ಮುನಿಸೆಲ್ಲ ಅಲ್ಲೇ ಕರಗಿತು.

ಫೋನು ತೆಗೆದು ಅವರ ಪಕ್ಕ ಕೂತೆ. ವಾಟ್ಸಾಪಿನಲ್ಲಿ ಅಳಿಸಿದೆ. ಗ್ಯಾಲರಿಯಲ್ಲಿ ಅಳಿಸಿದೆ. "ಕಸದ್ ಬುಟ್ಟಿ ಅಂತ ಒಂದದಂತಲ್ಲ, ಅಲ್ಲೂ ತಗೀರಿ" ಎಂದರು. ಮನೆಯಲ್ಲಿ ಯಾರೋ ಹೇಳಿಕೊಟ್ಟು ಕಳಿಸಿದ್ದರು. ಅಲ್ಲೂ ತೆಗೆದೆ. ಅವರು ಕಣ್ಣು ಕಿರಿದು ಮಾಡಿ ನನ್ನ ಬೆರಳನ್ನೇ ನೋಡುತ್ತಿದ್ದರು. ಎಲ್ಲ ಮುಗಿದು "ಆಯ್ತು ಯಜಮಾನ್ರೇ" ಎಂದು ತಲೆ ಎತ್ತಿದಾಗ, ಎದುರಿನ ಪರದೆಯ ಮೇಲೆ ಗೋಪಾಲಸ್ವಾಮಿ ಬೆಟ್ಟದ ಮಂಜು ತೇಲಿಹೋಗಿ ನಮ್ಮನೆಯವರ ಹೆಲ್ಮೆಟ್ ಬಂತು.

ಫೋನಿನಲ್ಲಿ ಅಳಿಸಿದರೆ ಕಂಪ್ಯೂಟರಿನಲ್ಲೂ ಅಳಿಯುತ್ತದೆಯೋ? ಇಲ್ಲ. ಪಾಸ್‌ಪೋರ್ಟ್ ಫೋಟೋಗಳನ್ನು ನಾನು ದಿನವೂ ಫೋನಿನಿಂದ ಅಳಿಸುತ್ತಿದ್ದೆ, ಅವೆಲ್ಲ ಕಂಪ್ಯೂಟರಿನಲ್ಲಿ ಹಾಗೇ ಉಳಿದಿದ್ದವು. ಇಳಿಸುವುದೊಂದೇ ಅದಕ್ಕೆ ಗೊತ್ತು, ಅಳಿಸುವುದು ಗೊತ್ತಿಲ್ಲ. ಹಾಗಾದರೆ ಆ ಹುಡುಗಿಯೂ ಅಲ್ಲೆಲ್ಲೋ ಇದ್ದಾಳೆ. ಯಾವ ಗಳಿಗೆಯಲ್ಲಾದರೂ, ಅವಳಪ್ಪನ ಮುಖದ ಎದುರಿಗೇ, ಪರದೆಯ ತುಂಬ ಬಂದು ನಿಲ್ಲಬಹುದು. ಇಷ್ಟು ದಿನದಲ್ಲಿ ಎಷ್ಟು ಸಲ ಬಂದು ಹೋಗಿದ್ದಾಳೋ, ಯಾರ್ಯಾರು ನೋಡಿದ್ದಾರೋ!

ಎದ್ದು ಹೋಗಿ ಮೌಸ್ ಅಲುಗಿಸಿದೆ. ಫೋಟೋ ಹೋಗಿ ಅರ್ಜಿಯ ಪುಟ ಬಂತು. ಆದರೆ ಅಳಿಸುವುದಾದರೂ ಹೇಗೆ? ಫೋಲ್ಡರ್ ತೆರೆದರೆ ಅವರ ಕಡೆಯ ಪರದೆಯಲ್ಲೂ ತೆರೆಯುತ್ತದೆ. ಆ ಪರದೆಯನ್ನೇ ಆರಿಸಿದರೆ ಯಾಕೆಂದು ಕೇಳುತ್ತಾರೆ. ಅವರು ಹೊರಡುವವರೆಗೂ ಕಾಯೋಣ ಎಂದುಕೊಂಡು ಮೌಸಿನ ಮೇಲಿಂದ ಕೈ ತೆಗೆಯದೆ ನಿಂತೆ. ಅವರೋ, ಮನಸ್ಸು ಹಗುರಾದವರು, ಆರಾಮಾಗಿ ಗೋಡೆಗೆ ಒರಗಿಕೊಂಡು ಬೀಗರ ಅರಿಸಿನದ ಬೆಳೆ, ಛತ್ರ ಸಿಗದಿರುವುದು, ಮಗಳು ಮಾಡುವ ಸೊಪ್ಪಿನ ಸಾರು ಎಂದು ಶುರು ಮಾಡಿದರು. ಟೀ ಕುಡಿಯುತ್ತೀರಾ ಎಂದು ನಾನೇ ಬಾಯಿ ತಪ್ಪಿ ಕೇಳಿಬಿಟ್ಟಿದ್ದೆ.

ಟೀ ಬರುವ ಹೊತ್ತಿಗೆ ಒಬ್ಬ ಗಿರಾಕಿ ಬಂದ. ಕೈಯಲ್ಲಿ ಪಹಣಿ, ಆಧಾರು. "ಎಲ್ಡೆಲ್ಡ್ ಕಾಪಿ ಮಾಡ್ಕೊಡಕ್ಕ, ಬೇಗೂರ್ ಬಸ್ ಹೊಂಟೋಯ್ತದ" ಎಂದ. ಬೇಗೂರು ಎಂದದ್ದೇ ತಡ, ಯಜಮಾನರ ಮಾತು ನಿಂತುಹೋಯಿತು. ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು, ಬೇರೆಲ್ಲೂ ನೋಡಲಾರದೆ, ನೇರವಾಗಿ ಪರದೆಯ ಕಡೆ ನೋಡತೊಡಗಿದರು. ಗಿರಾಕಿಯೂ ಅವರ ಪಕ್ಕದಲ್ಲೇ ಕೂತು ಅತ್ತಲೇ ನೋಡತೊಡಗಿದ.

ಜೆರಾಕ್ಸ್ ಮಿಷನ್ನು ಇರುವುದು ಅಂಗಡಿಯ ಹಿಂದಿನ ಮೂಲೆಯಲ್ಲಿ. ಮೌಸ್ ಬಿಟ್ಟು ಹೋಗಲೇಬೇಕು. ಹೋದೆ. ಮಿಷನ್ನಿನ ಬೆಳಕು ಅತ್ತಿಂದಿತ್ತ ಹರಿಯುವಷ್ಟು ಹೊತ್ತು ನಾನು ಬೆನ್ನು ತಿರುಗಿಸಿ ನಿಂತಿದ್ದೆ. ಕಾಗದ ಸಿಕ್ಕಿಕೊಂಡಿತು. ಬೇರೆ ದಿನವಾಗಿದ್ದರೆ ಮಿಷನ್ನಿಗೆ ನಾಲ್ಕು ಬೈಯುತ್ತಿದ್ದೆ, ಅವತ್ತು ಬೈಯುವಷ್ಟೂ ಪುರುಸೊತ್ತಿರಲಿಲ್ಲ. ಟ್ರೇ ಎಳೆದು, ಕಾಗದ ಹರಿದು ತೆಗೆದು, ಮತ್ತೆ ಒತ್ತುವಷ್ಟರಲ್ಲಿ ಹಿಂದಿನಿಂದ ಗಿರಾಕಿಯ ದನಿ ಕೇಳಿತು. "ಚೆನ್ನಾಗದಲ್ಲ ಪೋಟೋ! ಯಾರಕ್ಕಾ ಇದು?"

ತಿರುಗಿ ನೋಡುವ ಧೈರ್ಯ ಬರಲಿಲ್ಲ. ತಿರುಗಿದೆ. ನನ್ನ ತಮ್ಮ ಯೂನಿಫಾರ್ಮಿನಲ್ಲಿ ಜೀಪಿಗೆ ಒರಗಿ ನಿಂತಿದ್ದ.

"ನನ್ ತಮ್ಮ" ಎಂದೆ. ಕಾಪಿಗಳನ್ನು ಅವನ ಕೈಗೆ ತುರುಕಿ, ಹೋಗುವ ದಾರಿಯಲ್ಲೇ ಮೊಣಕೈಯಿಂದ ಮೌಸನ್ನು ತಳ್ಳಿದೆ. ಅವನು ಬಸ್ಸಿಗೆ ಓಡಿದ.

ಯಜಮಾನರು ಟೀ ಮುಗಿಸಿ ಎದ್ದರು. ಇನ್ನೇನು, ಹೋಗುತ್ತಾರೆ, ನಾನು ಶಟರ್ ಅರ್ಧ ಎಳೆದುಕೊಂಡು ಎಲ್ಲ ಅಳಿಸಿಹಾಕುತ್ತೇನೆ, ಈ ವಿಷಯ ನನ್ನಲ್ಲೇ ಸಾಯುತ್ತದೆ. ಅವರು ಹೊಸ್ತಿಲಿನಲ್ಲಿ ನಿಂತು, ನನಗಿಂತ ಅಷ್ಟು ಹಿರಿಯರು, ಕೈ ಮುಗಿದರು.

"ನಾವು ಬ್ಯಾಡ ಅಂದ್ರೂವ ನೀವು ಮನ್ಸಲ್ಲಿ ಇಟ್ಕಳ್ನಿಲ್ಲ ಕನ ತಾಯಿ. ಈವತ್ತು ನೆಮ್ದಿಯಾಗಿ ಮಲೀಕತೀನಿ."

ನನ್ನ ಕೈಲಿ ತಡೆಯಲಾಗಲಿಲ್ಲ. "ಯಜಮಾನ್ರೇ, ಇನ್ನೊಂದ್ ಕಡೆ ಅದೆ" ಎಂದುಬಿಟ್ಟೆ.

ಅವರನ್ನು ನನ್ನ ಕುರ್ಚಿಯಲ್ಲೇ ಕೂರಿಸಿ ಫೋಲ್ಡರ್ ತೆರೆದೆ. ಒಂದೊಂದೇ ಸರಿಸುತ್ತ ಹುಡುಕಿದೆ. ಸಿಕ್ಕಿತು. ಹಸಿರು ಸೀರೆ, ಗಾಳಿಗೆ ಹಾರುವ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದಾಳೆ, ನಗು ಬರುತ್ತಿದ್ದದ್ದನ್ನು ತಡೆದುಕೊಂಡಿದ್ದಾಳೆ. ಫೋನು ಅಂಗಡಿಗೆ ಬಂದರೆ ಅದರೊಳಗಿನದು ತಾನಾಗಿಯೇ ಇಲ್ಲಿಗೂ ಬರುತ್ತದೆ, ಅಲ್ಲಿ ಅಳಿಸಿದರೂ ಇಲ್ಲಿ ಉಳಿಯುತ್ತದೆ, ನಾನು ಬೇಕೆಂದು ಮಾಡಿದ್ದಲ್ಲ ಎಂದು ವಿವರಿಸಿದೆ. ಅವರ ಎದುರಿಗೇ ಅಳಿಸಿದೆ. ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ತೆಗೆದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವರು ಖಾಲಿ ಪರದೆಯನ್ನು ನೋಡುತ್ತ ಮೆಲ್ಲಗೆ ಕೇಳಿದರು. "ವೈರು ಇಲ್ದೇನೇ ಬಂದ್ಬುಡ್ತದಾ?"

"ಹ್ಞೂಂ."

"ಅಂಗಾರ ಮಿಕ್ಕೋರ್ ಮನೇಲೂ ಇಂಗೇ ಬಂದ್ ಕುಂತಿದ್ದದಾ?"

ಆಗ ನನಗೆ ಅರ್ಥವಾಯಿತು. ಫೋಟೋ ಹೋದ ಮನೆ ನಮ್ಮದೊಂದೇ ಅಲ್ಲ. ತೆರಕಣಾಂಬಿ ಕಡೆಯ ಮನೆಗಳನ್ನು ಆ ವಾರವೆಲ್ಲ ಸುತ್ತಿ ಮುಗಿಸಿ, ಅವತ್ತು ಬೆಳಿಗ್ಗೆ ಭೀಮನಬೀಡಿಗೆ ಹೋಗಿ, ಕೊನೆಯದಾಗಿ ನಮ್ಮಲ್ಲಿಗೆ ಬಂದಿದ್ದರಂತೆ. ಎಲ್ಲರೂ ಅವರ ಎದುರಿಗೇ ಫೋನಿನಲ್ಲಿ ಅಳಿಸಿ ತೋರಿಸಿದ್ದರಂತೆ. ಎಲ್ಲರೂ ಒಳ್ಳೆಯವರೇ.

"ಎಲ್ಲಾರ್ ಮನೇಲೂ ಇರಲ್ಲ ಯಜಮಾನ್ರೇ. ಕಂಪ್ಯೂಟ್ರು ಇರೋರ್ ಮನೇಲಿ ಮಾತ್ರ. ಅದೂ ಹಿಂಗೆ ಜೋಡ್ಸಿದ್ರೆ ಮಾತ್ರ."

"ಭೀಮನಬೀಡ್ನೋರ್ ಮನ ಮೂಲೇಲಿ ಒಂದಿತ್ತು ಕನವ್ವ. ಬಟ್ಟ ಮುಚ್ಚಿಟ್ಟಿದ್ರು."

ನಾನೇ ಫೋನ್ ಮಾಡಿ ಕೇಳುತ್ತೇನೆ ಎಂದೆ. "ಬ್ಯಾಡಿ. ಪೋನಲ್ ಕೇಳುದ್ರ ಯಾರಾರೂ ಇಲ್ಲ ಅಂತಾರ. ಎದ್ರುಗ್ ನಿಂತ್ಕಂಡೇ ಕೇಳ್ಬೇಕು" ಎಂದು ಎದ್ದರು. ಈ ಸಲ ಕೈ ಮುಗಿಯುವುದು ಅವರಿಗೆ ನೆನಪಾಗಲಿಲ್ಲ. ಚಾಮರಾಜನಗರದ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಅದನ್ನು ದಾಟಿಕೊಂಡು ಅವರು ಭೀಮನಬೀಡಿನ ಬಸ್ಸಿನ ಕಡೆ ನಡೆದರು.

ನನ್ನ ಎದೆಯ ಭಾರ ಇಳಿದಿತ್ತು. ಅದನ್ನು ಅವರ ತಲೆಯ ಮೇಲೆ ಹೊರಿಸಿಬಿಟ್ಟಿದ್ದೆ. ಅವರು ಬಸ್ಸಿನ ಮೆಟ್ಟಿಲು ಹತ್ತುವಾಗ ಇನ್ನೊಂದು ಹೊಳೆಯಿತು. ಬೆಳಿಗ್ಗೆ ಬಂದು ಫೋಟೋ ಅಳಿಸಿಹಾಕಿಸಿಕೊಂಡು ಹೋದ ಹೆಣ್ಣಿನ ತಂದೆ ಸಂಜೆಯೊಳಗೆ ಮತ್ತೆ ಬಂದು, ಕಂಪ್ಯೂಟರನ್ನೂ ತೆರೆದು ತೋರಿಸಿ ಎಂದರೆ ಆ ಮನೆಯವರು ಏನು ತಿಳಿದುಕೊಳ್ಳುತ್ತಾರೆ? ಇಷ್ಟು ಓಡಾಡುವಂಥದ್ದು ಆ ಫೋಟೋದಲ್ಲಿ ಏನಿದೆ, ಆ ಹುಡುಗಿಯದೇನು ಕಥೆ ಎಂದು ಅವರವರೇ ಮಾತಾಡಿಕೊಳ್ಳುವುದಿಲ್ಲವೇ? ಅದು ಬೇಗೂರಿಗೆ ತಲುಪಲು ಎಷ್ಟು ಹೊತ್ತು?

ಅಂಗಡಿ ಬಿಟ್ಟು ರಸ್ತೆಗೆ ಓಡಿದೆ. ಕೇರಳದ ಲಾರಿಯೊಂದು ಅಡ್ಡ ಬಂತು. ಅದು ದಾಟುವ ಹೊತ್ತಿಗೆ ಭೀಮನಬೀಡಿನ ಬಸ್ಸು ಹೊರಟುಹೋಗಿತ್ತು.