ಸಮರ್‌ಸೆಟ್‌ನಲ್ಲಿ ಸಿಕ್ಕ ಮುಯ್ಯಾಳು

"ಇದೇನಮ್ಮಾ ಶೈಲಾ, ಅರಾಜಕತೆ ಕಲಿಯೋಕೆ ಅಮೆರಿಕಾಗೆ ಬರಬೇಕಿತ್ತಾ? ಬೆಂಗಳೂರು ಟ್ರಾಫಿಕ್‌ನಲ್ಲಿ ನಿಂತಿದ್ರೆ ಸಾಕಾಗಿತ್ತಲ್ಲ!"

ಸಮರ್‌ಸೆಟ್‌ಗೆ ಬಂದ ಹೊಸತರಲ್ಲಿ ಮನೆಯೊಡತಿ ಸರೋಜಾ ಆಂಟಿ ಹೀಗೆ ಕೇಳಿದಾಗ ನಕ್ಕಿದ್ದೆ. ನೂರು ವರ್ಷದ ಹಿಂದಿನ ಚೀನಾದ ಅರಾಜಕತಾವಾದಿಗಳ ಬಗ್ಗೆ ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಆಂಟಿಯ ಬೇಸ್‌ಮೆಂಟ್, ಅಂದರೆ ನೆಲಮಾಳಿಗೆ, ನನ್ನ ಬಾಡಿಗೆ ಮನೆ. ಆಮೇಲೆ ಅದೇ ಜೋಕನ್ನು ಸಿಕ್ಕ ಅಂಕಲ್‌ಗಳೆಲ್ಲ ತಾವೇ ಕಂಡುಹಿಡಿದವರಂತೆ ಹೇಳಿದ್ದಾರೆ. ಈಗ ನಗು ಬರುವುದಿಲ್ಲ. ಹುಟ್ಟೂರು ತುಮಕೂರಿನಲ್ಲಿ ನನ್ನ ಓದು ಅರ್ಥವಾಗದವರು "ಮದುವೆ ಯಾವಾಗ?" ಎನ್ನುತ್ತಾರೆ. ಇಲ್ಲಿಯವರು "ವೀಸಾ ಕಥೆ ಏನು?" ಎನ್ನುತ್ತಾರೆ.

ಇಲ್ಲಿನ ಕನ್ನಡ ಸಂಘದ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಕನ್ನಡದಲ್ಲಿ ನಾಲ್ಕು ಮಾತಾಡು ಎಂದು ಆಂಟಿಯೇ ಕರೆದರು. ಚೀನೀ ಭಾಷೆಯಲ್ಲಿ ಓದಿ ಇಂಗ್ಲಿಷ್‌ನಲ್ಲಿ ಬರೆಯುವ ನಾನು ನನ್ನ ಕೆಲಸವನ್ನು ನನ್ನ ಭಾಷೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹೇಳಲಾಗದಿದ್ದರೆ ಇಷ್ಟು ದೂರ ಬಂದು ನಾನು ಮಾಡುತ್ತಿರುವುದಾದರೂ ಏನು ಎಂಬ ಭಯವಿತ್ತು. ‘ಚೀನಾದ ಅರಾಜಕರು’ ಎಂಬ ನನ್ನ ಭಾಷಣದ ಶೀರ್ಷಿಕೆ ನೋಡಿದ ಆಂಟಿ ಹಣೆ ಚಚ್ಚಿಕೊಂಡರು.

"ಅರಾಜಕ ಅಂತ ಫ್ಲೈಯರ್‌ನಲ್ಲಿ ಹಾಕಿದ್ರೆ ಯಾರು ಬರ್ತಾರೆ? ಏನೋ ಗಲಾಟೆ ಅನ್ಕೋತಾರೆ. ಬೇರೆ ವರ್ಡ್ ಹುಡುಕು, ಇಲ್ಲಾಂದ್ರೆ ಕ್ಯಾನ್ಸಲ್ ಮಾಡೋಣ."

ಸಿಟ್ಟು ನೆತ್ತಿಗೇರಿತು. ಗಲಾಟೆಯಂತೆ! ಆ ಚೀನೀ ಯುವಕರು ಯಜಮಾನರಿಲ್ಲದೆ ಬದುಕಿ ತೋರಿಸುತ್ತೇವೆಂದು ಬೀಜಿಂಗ್‌ನಲ್ಲಿ ಒಟ್ಟಿಗೆ ಮನೆ ಮಾಡಿ, ಅಡುಗೆ ಮಾಡಿ, ಬಟ್ಟೆ ಒಗೆದು, ಓದಿದವರು. ದುಡ್ಡು ಸಾಲದೆ, ಜಗಳವೂ ಆಗಿ, ಕೆಲವೇ ತಿಂಗಳಲ್ಲಿ ಆ ಮನೆಗಳು ಮುರಿದವು. ಸಮಾಜ ಬದಲಾಗದೆ ಒಂದು ಮನೆ ಮಾತ್ರ ಬದಲಾಗದು ಎಂದುಕೊಂಡು ಕೆಲವರು ಮಾರ್ಕ್ಸ್‌ವಾದದತ್ತ ಹೊರಳಿದರು. ಅವರ ಮೆಚ್ಚಿನ ಪದ ‘ಹುಜು’. ಕಷ್ಟಸುಖಕ್ಕೆ ಒಬ್ಬರಿಗೊಬ್ಬರು ಆಗುವುದು ಎಂದರ್ಥ. ‘ಪರಸ್ಪರ ಸಹಾಯ’ ಎಂದು ಬರೆದುನೋಡಿದೆ. ಸಹಕಾರಿ ಬ್ಯಾಂಕಿನ ಬೋರ್ಡಿನಂತೆ ಕಂಡಿತು, ಹರಿದುಹಾಕಿದೆ.

ಮರುದಿನ ಬೆಳಿಗ್ಗೆ ಮೊಣಕಾಲುದ್ದ ಹಿಮ. ಆಂಟಿ ಸಲಿಕೆ ಕೊಟ್ಟರು. "ನಮ್ಮ ಡ್ರೈವ್‌ವೇ ಆದ್ಮೇಲೆ ಎದುರುಮನೆಯವ್ರದ್ದೂ ಕ್ಲೀನ್ ಮಾಡೋಣ. ಹೋದ್ಸಲ ಅವ್ರೇ ಅಲ್ವಾ ನಮ್ಮದು ಮಾಡಿದ್ದು?"

ಸಲಿಕೆ ಹಿಡಿದವಳು ಹಾಗೇ ನಿಂತೆ. ಮುಯ್ಯಾಳು! ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯಿಲ್ಲ, ಮೇಸ್ತ್ರಿಯಿಲ್ಲ. ಅಜ್ಜಿಯ ಬಾಯಲ್ಲಿ ಎಷ್ಟು ಸಲ ಕೇಳಿದ ಪದ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಿದ್ದೆ.

ಸಂಕ್ರಾಂತಿಯ ದಿನ ‘ಚೀನಾದ ಮುಯ್ಯಾಳು’ ಎಂಬ ಶೀರ್ಷಿಕೆಯಲ್ಲೇ ಮಾತಾಡಿದೆ. ಎಳ್ಳುಬೆಲ್ಲ ಮೆಲ್ಲುತ್ತಿದ್ದ ಅಂಕಲ್‌ಗಳು ತಲೆದೂಗಿದರು, ಒಬ್ಬರೂ ಟ್ರಾಫಿಕ್ ಎನ್ನಲಿಲ್ಲ.

"ಇಷ್ಟೇನಾ?" ಎಂದರು ಆಂಟಿ. "ಇದಕ್ಕೆ ಚೀನಾತನಕ ಯಾಕೆ ಹೋದೆ?"

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಆದರೂ ಗೆದ್ದಿದ್ದೆ. ಆ ಖುಷಿಯಲ್ಲೇ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಮುಯ್ಯಾಳಾ? ಅದೆಲ್ಲೈತೆ ಈಗ?" ಎಂದಳು ಅಮ್ಮ. "ಎಲ್ಲಾ ಕೂಲಿ, ಇಲ್ಲಾಂದ್ರೆ ಮಿಷನ್ನು."

"ನಮ್ಮಲ್ಲಿ ಇನ್ನೂ ಇದೆಯಮ್ಮ."

"ನಮ್ಮಲ್ಲಿ ಅಂದ್ರೆ? ಎಲ್ಲಿ?"

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. "ಇಲ್ಲಿ, ಸಮರ್‌ಸೆಟ್‌ನಲ್ಲಿ," ಎಂದೆ.



"ಓಹೋ," ಎಂದಳು ಅಮ್ಮ. "ನಿಮ್ಮಲ್ಲಿ ಅನ್ನು."