ನಾ ತಿಕ್ಕಿದ ಸಮೆ, ನಮ್ಮವರ ಪೇಪರು

ಪೇಪರು ಇರೂದು ಓದಾಕ ಅಂತ ಓದಿದವರು ತಿಳಕೊಂಡಾರ. ಹಪ್ಪಳ ಒಣಗಸಾಕ, ಕಪಾಟಿನ ಹಲಗಿಗೆ ಹಾಸಾಕ, ಕಿಟಕಿ ಗಾಜು ಒರಸಾಕ ಅದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ ಅನ್ನೂದು ನನ್ನ ಅಭಿಪ್ರಾಯ. ಎರಡನೇತ್ತಾಕ್ಕ ಸಾಲಿ ಬಿಟ್ಟಾಕಿಗೆ ಅಭಿಪ್ರಾಯ ಎಲ್ಲಿಂದ ಬಂತು ಅಂತ ಕೇಳಬ್ಯಾಡ್ರಿ. ಒಬ್ಬ ಸಂಪಾದಕರ ಜೋಡಿ ಇಷ್ಟು ವರ್ಷ ಸಂಸಾರ ಮಾಡಿದಾಕಿಗೆ ಅಷ್ಟು ಹಕ್ಕು ಇರತೈತಿ.

ನಾವಿದ್ದದ್ದು ಮರಾಠಿ ಮಾತಿನ ಊರಾಗ. ನಮ್ಮವರು ಹಗಲೆಲ್ಲ ಸಿವಿಲ್ ಲೈನ್ಸಿನ ಸರಕಾರಿ ಕಚೇರ್ಯಾಗ ಫೈಲಿನ ಧೂಳ ಝಾಡಿಸಿ, ಸಂಜಿಗೆ ಇತವಾರಿ ಪೇಟಿಯ ಹಳೇ ಸಾಮಾನಿನ ಅಂಗಡಿಗೆ ಹೋಗಿ ಇನ್ನಷ್ಟು ಧೂಳ ಕುಡದು ಬರೋರು. ಆ ಧೂಳಿನಿಂದನ ಅವರ ಪೇಪರು ಹುಟ್ಟಿತು. ಹದಿನೈದು ದಿನಕ್ಕೊಮ್ಮೆ, ನಾಕು ಪುಟ, ಮರಾಠಿಯೊಳಗ. ಹಳೇ ವಸ್ತು ಮಾರೋರಿಗೆ, ಕೂಡಿಡೋರಿಗೆ ಅಷ್ಟ. ಯಾವ ಊರಾಗ ಯಾರ ಹತ್ರ ಗೋಡೆ ಗಡಿಯಾರ ಐತಿ, ಯಾರಿಗೆ ಹಿತ್ತಾಳಿ ಅಡಕೊತ್ತು ಬೇಕಾಗೇತಿ, ಹೊಸಾ ಮೂರ್ತಿಗೆ ಹಳೇ ಬಣ್ಣ ಬಳದು ಯಾರು ಟೋಪಿ ಹಾಕಾಕತ್ತಾರ, ಇದ ಸುದ್ದಿ. ರಾಜ್ಯ ಬಿದ್ರೂ ಅದರಾಗ ಬರತಿದ್ದಿಲ್ಲ. ಬಿದ್ದ ರಾಜನ ಪೀಕದಾನಿ ಮಾರಾಟಕ್ಕ ಬಂದ್ರ ಮಾತ್ರ ಬರತಿತ್ತು.

ನನ್ನ ಪಾಲಿಗೆ ಮಡಚೂದು, ಮೈದಾದ ಅಂಟು ಕಾಸಿ ವಿಳಾಸದ ಚೀಟಿ ಹಚ್ಚೂದು. ಪ್ರತಿ ಸಂಚಿಕೆಯ ಕೊನೇ ಪುಟದ ಕೆಳಗ ದಪ್ಪ ಅಕ್ಷರದಾಗ ಒಂದ ಸಾಲು ಇರತಿತ್ತು: ಹಳೇ ಹಿತ್ತಾಳಿ, ತಾಮ್ರ ತಿಕ್ಕಬ್ಯಾಡ್ರಿ. ಆ ಸಾಲಿನ ಮ್ಯಾಲೆ ಬೆರಳೊತ್ತಿ ಸಾವಿರಾರು ಸಲ ಮಡಚೇನಿ. ಓದಿದ್ದಿಲ್ಲ. ಮರಾಠಿ ಬಾಯಿಗೆ ಬರತಿತ್ತು, ಅದರ ಅಕ್ಷರದ ಗುರುತಿರಲಿಲ್ಲ.

ಪೇಪರಿನ ಎರಡನೇ ವರ್ಷ ನಾನಾಸಾಹೇಬರು ಅನ್ನೋರು, ರೇಲ್ವೇ ಗಾರ್ಡ್, ನಮ್ಮ ಮೊದಲನೇ ಆಜೀವ ಚಂದಾದಾರರು, ತಮ್ಮ ಅಜ್ಜಿ ಕಾಲದ ಸಮೆ ತಂದಿಟ್ಟು, ಮೊದಲ ಪುಟದಾಗ ಫೋಟೋ ಹಾಕ್ರಿ ಅಂತ ಹೇಳಿ ಹೋದ್ರು. ನಿಲ್ಲಸೂ ದೀಪ, ಮೊಳದುದ್ದ, ಐದು ಬತ್ತೀದು, ತುದಿಗೆ ಹಂಸ, ಬಣ್ಣ ಮಾತ್ರ ರೊಟ್ಟಿ ಹಂಚಿನ ತಳ. ಮರುದಿನ ಫೋಟೋ ತಗಿಯಾಂವ ಬರಾಂವ ಇದ್ದ. ಮಂದಿ ಮನಿ ದೀಪ ಇಂಥಾ ಅವತಾರದಾಗ ಊರ ಮುಂದ ನಿಲ್ಲೂದಂದ್ರ ಹೆಂಗ ಅಂತ ನನಗ ನಾಚಿಕಿ ಆತು. ಹುಣಸಿಹಣ್ಣು, ಉಪ್ಪು, ಬೂದಿ, ತೆಂಗಿನ ನಾರು ತಗೊಂಡು ಎರಡು ತಾಸು ಕುಂತೆ. ಹಂಸದ ಕಣ್ಣಾಗಿನ ಕೊಳಿ ಸುದ್ದಾ ಪಿನ್ನಿಲೆ ತಗದೆ. ಖರೇ ಹೇಳಬೇಕಂದ್ರ ಅಷ್ಟು ಛಂದ ಭಾಂಡೆ ನಾ ಜನ್ಮದಾಗ ತಿಕ್ಕಿಲ್ಲ.

ನಮ್ಮವರು ಬಂದು ನೋಡಿ ಅಲ್ಲೇ ಹೊಸ್ತಿಲದ ಮ್ಯಾಲೆ ಕುಂತುಬಿಟ್ರು. ಬೈದಿದ್ರ ಪಾಡಿತ್ತು. ಕೊನೇ ಪುಟ ತಗದು ಆ ಸಾಲು ಓದಿ ಹೇಳಿದ್ರು. ಹಳೇ ವಸ್ತುವಿನ ಮ್ಯಾಲಿನ ಕಪ್ಪು ಹೊಲಸಲ್ಲ, ಅದ ಅದರ ವಯಸ್ಸಿಗೆ ಸಾಕ್ಷಿ, ಅದು ಹೋದ್ರ ಉಳಿಯೂದು ಬರೇ ಲೋಹ ಅಂತ ತಿಳಿಸಿದ್ರು. ಊರಿಗೆಲ್ಲ ಅಚ್ಚು ಹಾಕಿ ಹೇಳಿದೋರಿಗೆ ಮನ್ಯಾಗ ಬಾಯಿಲೆ ಒಂದು ಮಾತು ಹೇಳಾಕ ಏನಾಗಿತ್ತು ಅಂತ ನಾ ಕೇಳಿದೆ. 

ತಿಕ್ಕಿದಾಕಿ ನಾನು, ಹೋಗಾಕಿನೂ ನಾನು ಅಂತ ಹೇಳಿ, ಸಮೆಯನ್ನ ಹಳೇ ಸೀರಿಯೊಳಗ ಸುತಗೊಂಡು ನಾನಾಸಾಹೇಬರ ಮನಿಗೆ ಹೋಗಿ ಅವರ ಮುಂದಿಟ್ಟೆ. ಅವರು ಮುಟ್ಟಲಿಲ್ಲ.

"ವಹಿನೀ, ಇದರ ಮ್ಯಾಲೆ ನಮ್ಮ ಅಜ್ಜಿ ಕೈ ಇತ್ತು, ಅವ್ವನ ಕೈ ಇತ್ತು. ಎರಡೂ ತೊಳದು ಮೋರಿಗೆ ಬಿಟ್ರಿ."

ಹೊಸಾದು ಕೊಡಸಿದ್ರ ತೀರೂ ಮಾತು ಇದಲ್ಲ ಅಂತ ಆಗ ತಿಳೀತು.

"ಹೆಂಗಿತ್ತು ಹಂಗ ಮಾಡಿ ತಂದು ಕೊಡ್ರಿ. ಅಲ್ಲೀತನಕ ಇದರ ಫೋಟೋ ಬರೂದು ಬ್ಯಾಡ," ಅಂದ್ರು.

ಸುದ್ದಿ ತಿಳದ ವ್ಯಾಪಾರಿಗಳು ಉಪಾಯ ಹೇಳಾಕ ಸಾಲು ಹಚ್ಚಿದ್ರು. ಒಬ್ಬ ಸಗಣಿಯೊಳಗ ಹುಗೀರಿ ಅಂದ. ಇನ್ನೊಬ್ಬ ಒಂದು ಬಾಟ್ಲಿ ತಂದು, ಇದನ್ನ ಬಳದ್ರ ಒಂದು ವಾರದಾಗ ನೂರು ವರ್ಷ ಆಗತಾವ ಅಂದ. ಇಂಥಾ ಆಟ ಆಡೋರ ಬಗ್ಗೆನ ನಮ್ಮವರು ಬರೀತಿದ್ರು. ಅವರ ಮನ್ಯಾಗನ ಆ ಬಾಟ್ಲಿ ಹೆಂಗ ಇಟಗೊಳ್ಳಲಿ? ದಿನಾ ಸಂಜಿಗೆ ಎಣ್ಣಿ ಹಾಕಿ ಸಮೆ ಹಚ್ಚಿದೆ, ಒರಸೂದು ಬಿಟ್ಟೆ. ಪೇಪರಿನ ಕೆಲಸಕ್ಕ ಯಾರ ಬರಲಿ, ಕುಂದ್ರೂಕಿಂತ ಮೊದಲ ಎಣ್ಣಿ ಹಚ್ಚಿದ ತಲಿಮ್ಯಾಲೆ ಕೈ ಆಡಿಸಿ, ಆ ಕೈಲೆ ಸಮೆ ಸವರಬೇಕು ಅಂತ ನಮ್ಮ ಮನ್ಯಾಗ ಪದ್ಧತಿ ಬಿತ್ತು. ಬೋಳುತಲಿಯವರಿಗೆ ಎಣ್ಣಿ ನಾನ ಕೊಡತಿದ್ದೆ. ದೇವರು ಅಂತ ತಿಳದು ಕೈ ಮುಗದು ಹೋದೋರೂ ಇದ್ರು. ನಾ ತಿದ್ದಲಿಲ್ಲ, ಕೈ ಹತ್ತಿದ್ರ ಆತು.

ನಾನಾಸಾಹೇಬರು ಪ್ರತಿ ವರ್ಷ ದಸರಾಕ್ಕ ಬನ್ನಿ ಎಲಿ ಕೊಡಾಕ ಬರೋರು. ಹೆಬ್ಬೆರಳಿಲೆ ಸಮೆಯ ಬುಡ ಸವರಿ "ಅಜೂನ್ ನಾಹಿ" ಅನ್ನೋರು. ಇನ್ನೂ ಆಗಿಲ್ಲ. ಆಮ್ಯಾಲೆ ನಮ್ಮವರ ಜೋಡಿ ಯಾವುದೋ ಸವಕಲು ನಾಣ್ಯದ ಸಲುವಾಗಿ ಎರಡು ತಾಸು ಜಗಳ ತಗಿಯೋರು. ಪೇಪರಿಗೆ ಅಚ್ಚಿನ ಮೊಳೆ ಜೋಡಸೂದು ಹೋಗಿ ಆಫ್‌ಸೆಟ್ ಬಂತು, ಇನ್ನೂ ಆಗಿಲ್ಲ. ಕಂಪ್ಯೂಟರ್ ಬಂತು, ಇನ್ನೂ ಆಗಿಲ್ಲ. ನಮ್ಮವರು ತೀರಿಕೊಂಡ ವರ್ಷ ಬನ್ನಿ ನನ್ನ ಕೈಯಾಗ ಇಟ್ಟು, ಸಮೆ ಸವರಿ, ಅವತ್ತೂ ಇನ್ನೂ ಆಗಿಲ್ಲ ಅಂದ್ರು. ಅಂಥಾ ಹೊತ್ತಿನ್ಯಾಗೂ ನನ್ನ ಸಮಾಧಾನಕ್ಕ ಒಂದು ಸುಳ್ಳು ಹೇಳಲಿಲ್ಲ ಅಂತ ಅವರ ಮ್ಯಾಲೆ ಜೀವ ಹೆಚ್ಚಾತು.

ಈಗ ಮಗಳು ವಿಜಯಾ ಪೇಪರು ನಡಸ್ತಾಳ. ಬಹಳ ಮಂದಿ ಮೊಬೈಲಿನ್ಯಾಗನ ಓದತಾರಂತ, ಮಡಚಾಕ ನನಗ ಅರ್ಧಾ ತಾಸು ಸಾಕು. ನಾನಾ ಅಜ್ಜಗ ವಯಸ್ಸಾತು, ಕಣ್ಣೂ ಹ್ವಾದುವು, ಹೆಂಗರೆ ಮಾಡಿ ಆಗೇತಿ ಅನ್ನಸಿಬಿಡೂಣು ಅಂತ ಆಕಿ ಅಂತಿದ್ಲು. ಅನ್ನಸೂದು ಬ್ಯಾಡ, ಆಗಬೇಕು ಅಂತ ನಾ ಅಂತಿದ್ದೆ.

ಈ ಸಲ ದಸರಾಕ್ಕ ನಾನಾಸಾಹೇಬರು ಆಟೋದಾಗ ಬಂದ್ರು. ಬುಡದಿಂದ ಹಂಸದ ಕೊಕ್ಕಿನತನಕ ಬೆರಳಾಡಿಸಿದ್ರು, ಬೆರಳು ಮೂಸಿ ನೋಡಿದ್ರು. ಸಾಲ್ಯಾಗ ಮಾಸ್ತರ ಮುಂದೂ ನಾ ಅಷ್ಟು ಅಂಜಿ ನಿಂತಿದ್ದಿಲ್ಲ.

"ಇದು ನಮ್ಮ ಅಜ್ಜಿ ಸಮೆ ಅಲ್ಲ ವಹಿನೀ. ಅದರ ವಾಸನಿನ ಬ್ಯಾರೆ. ಇದರಾಗ ನಿಮ್ಮ ಅಡಗಿಮನಿ ಐತಿ."

ಹಂಗಾದ್ರ ನಾ ನಾಪಾಸು ಅನ್ರಿ ಅಂದೆ.

"ಹೆಂಗಿತ್ತು ಹಂಗ ಮಾಡಿ ಕೊಡ್ರಿ ಅಂದಿದ್ದೆ. ಆಗಿಲ್ಲ. ಇಲ್ಲೇ ಇರಲಿ," ಅಂದವರು ವಿಜಯಾನ ಕಡೆ ಮುಖ ತಿರುಗಿಸಿ, "ಫೋಟೋ ತಗಿಯವಾ, ಮೊದಲ ಪುಟಕ್ಕ," ಅಂದ್ರು.

ಆಕಿ ಮೊಬೈಲಿನ್ಯಾಗ ತಗದು, ಕೆಳಗ ಏನಂತ ಬರೀಲಿ ಅಂತ ಕೇಳಿದ್ಲು. ನಾನಾಸಾಹೇಬರು ಸಮೆಯ ಮ್ಯಾಲಿನ ಕೈ ತಗೀದನ ಹೇಳಿ ಬರಸಿದ್ರು:

"ದೀಪ ಹಳೇದು. ಕಪ್ಪು ಹೊಸಾದು. ಎರಡೂ ಅಸಲಿ."