ಬಳೇಪೇಟೆಯಲ್ಲಿ ‘ಬರ್ತೀನಿ’ ಎಂದವರು

ಚಿತ್ರಕಲಾ ಶಿಕ್ಷಕಿಯಾಗಿ ನಿವೃತ್ತರಾದ ಮೇಲೆ ಚಾಮರಾಜಪೇಟೆಯ ವೇದವಲ್ಲಿ, ಮನೆಗೆ ಬಂದ ನೆಂಟರಿಗೆಲ್ಲ ಹಳೆಯ ಬೆಂಗಳೂರನ್ನು ತೋರಿಸುತ್ತಿದ್ದರು: ಬಸವನಗುಡಿಯ ಹಳೆಯ ಮನೆಗಳು, ಬೆಣ್ಣೆ ದೋಸೆ, ಕೊನೆಗೆ ಬಳೇಪೇಟೆ. ೨೦೦೩ರ ಒಂದು ಮಧ್ಯಾಹ್ನ, ಬಳೆ ಅಂಗಡಿಯೊಂದರ ಮರದ ಕಂಬದ ಕೆತ್ತನೆ ನೋಡಿ ತಿರುಗುವಷ್ಟರಲ್ಲಿ, ಚಿತ್ರದುರ್ಗದಿಂದ ಬಂದಿದ್ದ ಸೋದರತ್ತೆ ಅಂಬುಜಮ್ಮ ಪಕ್ಕದಲ್ಲಿರಲಿಲ್ಲ. ಅವರಿಗೆ ಎಪ್ಪತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ಊಟದ ಹೊತ್ತು ಮೀರಿದರೆ ಸಕ್ಕರೆ ಇಳಿದು ತಲೆ ತಿರುಗಿ ಬೀಳುತ್ತಿದ್ದರು.

“ಬರ್ತೀನಿ ಅಂದ್ರಮ್ಮಾ,” ಎಂದ ಬಳೆ ಅಂಗಡಿಯವನು.

ಬರುತ್ತಾರೆಂದು ನಂಬಿ ವೇದವಲ್ಲಿ ಅರ್ಧ ಗಂಟೆ ಅಲ್ಲೇ ನಿಂತರು. ಊಟದ ಹೊತ್ತು ದಾಟಿತು.

“ಹೇಗೆ ಅಂದ್ರಪ್ಪಾ, ಸರಿಯಾಗಿ ಹೇಳು.”

“ಕೈ ಮುಗಿದು, ‘ಬರ್ತೀನಪ್ಪಾ’ ಅಂದ್ರು.”

ವೇದವಲ್ಲಿಗೆ ಈಗ ಅರ್ಥವಾಯಿತು. ಅದು ಮರಳಿ ಬರುವವರ ಮಾತಲ್ಲ, ಹೊರಟವರ ಮಾತು. ಸಂದಿಯಿಂದ ಸಂದಿಗೆ ಓಡಿದರು. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಅಂಬುಜಮ್ಮ ಬೆವರಿನಲ್ಲಿ ತೊಯ್ದು ಕುಳಿತಿದ್ದರು.

“ನಿನ್ನ ಹಾಗೇ ಹಸಿರು ಸೀರೆ, ನೀನೇ ಅನ್ಕೊಂಡು ಯಾರದೋ ಹಿಂದೆ ಬಂದ್ಬಿಟ್ಟೆ ಕಣೇ,” ಎಂದರು, ನಾಲಗೆ ತೊದಲುತ್ತಿತ್ತು.

ವೇದವಲ್ಲಿ ಚೀಲದಲ್ಲಿದ್ದ ಕೊಬ್ಬರಿ ಮಿಠಾಯಿ ಮುರಿದು ಅವರ ಬಾಯಿಗಿಟ್ಟರು. ಅತ್ತೆಯ ತೊದಲು ನಿಂತ ಮೇಲೂ ಅವರ ಕೈ ಬಿಡಲಿಲ್ಲ.